ಮೂರು ಚಾಪೆ, ಇಪ್ಪತ್ತೆಂಟು ಕಾಲು

ಲಗ್ಗೆರೆಯ ಮೂರನೇ ಅಡ್ಡರಸ್ತೆಯಲ್ಲಿ
ಗಾರ್ಮೆಂಟ್ಸಿನ ಸೈರನ್ನಿಗಿಂತ ಅರ್ಧ ಗಂಟೆ ಮುಂಚೆ
ನನ್ನ ಬಾಗಿಲು ತೆರೆಯುತ್ತದೆ.
ಡಬ್ಬಿ, ಬದಲಿ ಚಡ್ಡಿ, ಒಂದೊಂದು ಬಾಟಲಿ ನೀರು,
ಇನ್ನೂ ನಿದ್ದೆ ಹರಿಯದ ಹದಿನಾಲ್ಕು ಮುಖ.
ಕೂಸು ನೋಡಿಕೊಳ್ಳುವುದು ನನಗೆ ಗೊತ್ತು.
ಯಾವ ಅಳು ಹಸಿವಿನದು, ಯಾವುದು ಹಲ್ಲಿನದು,
ಯಾವುದು ಸುಮ್ಮನೆ ಅಮ್ಮನದು,
ಕಣ್ಣು ಮುಚ್ಚಿ ಹೇಳಬಲ್ಲೆ.
ಗೊತ್ತಾಗದ್ದು ಒಂದೇ:
ತಿಂಗಳ ಕೊನೆಗೆ ನನ್ನ ಪರ್ಸು ಯಾಕೆ
ಖಾಲಿ ಹಾಲಿನ ಪ್ಯಾಕೆಟ್ಟಿನ ಹಾಗೆ ಅಂಟಿಕೊಂಡಿರುತ್ತದೆ.

ಕೇಳಿದೆ. ಕೇಳಿದ್ದೇ ತಪ್ಪಾಯಿತು,
ಬೀದಿಗೆಲ್ಲ ಬಾಯಿ ಬಂತು.

ಹಾಸಿಗೆ ಇದ್ದಷ್ಟು ಕಾಲು ಚಾಚಮ್ಮ, ಅಂದರು ಭಾವ.
ನನ್ನಲ್ಲಿರುವುದು ಮೂರು ಚಾಪೆ,
ಇಪ್ಪತ್ತೆಂಟು ಕಾಲು.

ಇನ್ನೊಂದು ಹತ್ತು ಮಕ್ಕಳ್ನ ಸೇರಿಸ್ಕೊಳ್ಳಿ,
ಮಲಗೋದು ತಾನೆ, ಅಂದರು ಮನೆ ಓನರು
ಬಾಡಿಗೆ ಎಣಿಸುತ್ತ.
(ಮುಂದಿನ ತಿಂಗಳೇ ನೀರಿನ ದುಡ್ಡು ಏರಿಸಿದರು.)

ವಿಜಯನಗರದ ಮಹಡಿ ಆಫೀಸಿನಲ್ಲಿ ಟೈ ಕಟ್ಟಿದವರೊಬ್ಬರು
ಎ.ಸಿ. ಹಾಕಿ, ಕಾಫಿ ತರಿಸಿ,
ನಗುವ ಆನೆಮರಿಯ ಬೋರ್ಡು ತೋರಿಸಿದರು.
ನಿಮ್ಮ ಹೆಸರಲ್ಲಿ ಏನಿದೆ ಮೇಡಂ, ನಮ್ಮ ಹೆಸರಲ್ಲಿ ಬನ್ನಿ,
ನಾಲ್ಕೇ ಲಕ್ಷ, ಎರಡು ವರ್ಷಕ್ಕೆ ಡಬಲ್.
ಯಾರಿಗೆ ಡಬಲ್ ಎಂದು ಕೇಳುವಷ್ಟರಲ್ಲಿ
ಪೆನ್ನಿನ ಕ್ಯಾಪು ತೆಗೆದು ಕೈಗಿಟ್ಟಿದ್ದರು.
ಮನೆಗೆ ಬಂದ ಮೇಲೆ ಹೊಳೆಯಿತು,
ಮಕ್ಕಳು ಎಷ್ಟು ಅಂತ
ಅವರು ಕೇಳಲೇ ಇಲ್ಲ.

ಆಮೇಲೆ ಯಾರೋ ಹೇಳಿದರು
ರಾಜಗೋಪಾಲನಗರದ ಫಿಲೋಮಿನಾ ಮಿಸ್ಸು,
ಹತ್ತೊಂಬತ್ತು ವರ್ಷ ನಡೆಸಿ ಮುಚ್ಚಿದವರು.
ಮುಚ್ಚಿದವರ ಹತ್ರ ಏನು ಕೇಳೋದು, ಅಂದರು ಭಾವ.
ಭಾನುವಾರ ಪೂಜೆ ಮುಗಿಸಿ ಬಂದು
ಅವರೆಕಾಳು ಹಿದುಕುತ್ತ ಕೂತಿದ್ದರು ಮಿಸ್ಸು,
ನನ್ನ ಮುಂದೂ ಒಂದು ಬೋಗುಣಿ ತಳ್ಳಿದರು.
ಸಲಹೆ ಕೊಡಲಿಲ್ಲ. ಕೇಳಿದರು.
ಬಾಡಿಗೆ ಎಷ್ಟು? ಹಾಲು ಎಷ್ಟು ಲೀಟರು?
ಆಯಾಗೆ ಸಂಬಳ ಯಾವ ತಾರೀಕು?
ಗಾರ್ಮೆಂಟ್ಸಲ್ಲಿ ಓಟಿ ಬಿದ್ದ ದಿನ
ಮಗು ಎಂಟರ ತನಕ ನಿನ್ನ ಸೊಂಟದ ಮೇಲಿರತ್ತಲ್ಲ,
ಆ ಒಂದು ಗಂಟೆ ಯಾರ ಲೆಕ್ಕ?
ನನ್ನ ಬೆರಳಲ್ಲಿ ಕಾಳು ನಿಂತಿತು.
ನಿನ್ನ ಸಂಬಳ ಎಲ್ಲಿ ಬರ್ಕೊಂಡಿದೀಯ?
ಬರೆದುಕೊಂಡಿರಲಿಲ್ಲ.

ಸಜ್ಜಾದಿಂದ ಹಳೇ ನೋಟ್‌ಬುಕ್ಕುಗಳನ್ನು ಇಳಿಸಿ
ನಷ್ಟದ ಪುಟವನ್ನೇ ಮೊದಲು ತೆಗೆದರು.
ಇಲ್ಲಿ ನೋಡು, ಎರಡನೇ ಬ್ರಾಂಚು.
ದುರಾಸೆ ಅಲ್ಲ, ಯಾರೋ ಹೊಗಳಿದರು, ಅಷ್ಟೆ.
ಇಲ್ಲಿ ಕೆಂಪು ಇಂಕು, ಅಯ್ಯೋ ಪಾಪ ಅಂದಾಗೆಲ್ಲ.
ಲೈಸೆನ್ಸು, ತೆರಿಗೆ ಅಂತ ನಾನು ಶುರು ಮಾಡಿದರೆ
ಅದು ನಂಗೊತ್ತಿಲ್ಲ, ಅಂದರು.
ಎರಡು ತಿಂಗಳ ನನ್ನ ಸುತ್ತಾಟದಲ್ಲಿ
ಆ ಮಾತು ಆಡಿದವರು ಇವರೊಬ್ಬರೇ.
ಗೊತ್ತಿರೋರನ್ನ ಕೇಳು, ಫೀಸು ಕೊಡು, ರಸೀದಿ ತಗೋ.
ನಾನು ಹೇಳಿದ್ದನ್ನೂ ಅಲ್ಲಿ ಒರೆಗೆ ಹಚ್ಚು.

ಹೊರಡುವಾಗ ಹಿದುಕಿದ ಬೇಳೆ ಒಂದು ಡಬ್ಬಿ ಕೊಟ್ಟರು.
ಡಬ್ಬಿ ವಾಪಸು ತಾ, ಅಂದರು.

ಸೋಮವಾರ ಗೋಡೆಗೆ ಅಂಟಿಸಿದೆ:
ಏಳರ ನಂತರ ಅರ್ಧ ಗಂಟೆಗೆ ಇಪ್ಪತ್ತು ರೂಪಾಯಿ.
ನಾಚಿಕೆಗೆ ಅಕ್ಷರ ಸಣ್ಣದಾಗಿಬಿಟ್ಟಿತು.
ಅವತ್ತೇ ಓಟಿ. ಎಂಟಕ್ಕೆ ಚೌಡೇಶ್ವರಿ ಬಂದಳು,
ದುಪಟ್ಟದ ತುಂಬ ನೂಲಿನ ಚೂರು.
ಗೋಡೆ ಓದಿದಳು. ಏನೂ ಅನ್ನದೆ
ಇಪ್ಪತ್ತರ ಎರಡು ನೋಟು ಚಾಚಿದಳು.
ತಗೊಂಡೆ.
ಮಗು ಇಳಿಯಲೊಲ್ಲದೆ ನನ್ನ ಕೊರಳು ತಬ್ಬಿತ್ತು,
ಅದರ ಬೆರಳು ಬಿಡಿಸಬೇಕು,
ನೋಟು ಯಾವ ಕೈಯಲ್ಲಿಟ್ಟುಕೊಳ್ಳಲಿ, ತಿಳಿಯಲಿಲ್ಲ.

ರಾತ್ರಿ ಹೊಸ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು:
ನಲವತ್ತು.
ಅದರ ಪಕ್ಕ, ಯಾಕೋ,
ಮಗುವಿನ ಹೆಸರು.